ಕರಾವಳಿ ವಿರೋಧಾಭಾಸ: ಅಳೆದಷ್ಟೂ ಉದ್ದವಾಗುವ ದಡ

ಕರ್ನಾಟಕದ ಕರಾವಳಿ ಎಷ್ಟು ಉದ್ದ? ಶಾಲೆಯಲ್ಲಿ 320 ಕಿ.ಮೀ. ಎಂದು ಕಲಿತವರು ಬಹಳ ಜನ. ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ದಶಕಗಳ ಕಾಲ ಇದ್ದದ್ದು 280 ಕಿ.ಮೀ. ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿಯಲ್ಲಿ ಅದೇ ದಡ 343.30 ಕಿ.ಮೀ. ಆಗಿದೆ. ಇಡೀ ದೇಶದ ಲೆಕ್ಕವೂ 7,516.6ರಿಂದ 11,098.81 ಕಿ.ಮೀ.ಗೆ ಏರಿದೆ. ಗೋವಾ ಗಡಿಯ ಮಾಜಾಳಿಯಿಂದ ಕೇರಳ ಗಡಿಯ ತಲಪಾಡಿವರೆಗೆ ಸಮುದ್ರ ಇದ್ದಲ್ಲೇ ಇದೆ, ಊರುಗಳು ಇದ್ದಲ್ಲೇ ಇವೆ. ಹಾಗಾದರೆ ಹೆಚ್ಚಿದ ಕಿಲೋಮೀಟರುಗಳು ಎಲ್ಲಿಂದ ಬಂದವು?

ನಕ್ಷೆಯಿಂದ ಬಂದವು. ಹಳೆಯ ಅಳತೆ ಮಾಡಿದ್ದು 1:45,00,000 ಪ್ರಮಾಣದ ನಕ್ಷೆಯ ಮೇಲೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 45 ಕಿ.ಮೀ. ಹೊಸದು 1:2,50,000 ಪ್ರಮಾಣದ ನಕ್ಷೆಯ ಮೇಲಿನ ಅಳತೆ. ಇಲ್ಲಿ ಒಂದು ಸೆಂಟಿಮೀಟರ್ ಅಂದರೆ ಎರಡೂವರೆ ಕಿ.ಮೀ. ಮೊದಲನೆಯದರಲ್ಲಿ ಕಾಣದೇ ಹೋದ ತಿರುವುಗಳು ಎರಡನೆಯದರಲ್ಲಿ ಕಾಣುತ್ತವೆ. ಕಂಡ ಪ್ರತಿ ತಿರುವೂ ಉದ್ದಕ್ಕೆ ಸೇರುತ್ತದೆ.

ಇಷ್ಟೇ ಆಗಿದ್ದರೆ ಇದಕ್ಕೊಂದು ಹೆಸರು ಬೇಕಿರಲಿಲ್ಲ. ಹೆಚ್ಚು ಸೂಕ್ಷ್ಮವಾಗಿ ಅಳೆದರೆ ಹೆಚ್ಚು ಸರಿಯಾದ ಉತ್ತರ ಸಿಗುತ್ತದೆ, ಅಲ್ವಾ? ವೃತ್ತದ ಸುತ್ತಳತೆಗೆ ಅದು ನಿಜ. ಅಳತೆಗೋಲು ಚಿಕ್ಕದಾದಂತೆ ಉತ್ತರ ಒಂದು ಸಂಖ್ಯೆಯ ಹತ್ತಿರ ಹತ್ತಿರ ಬಂದು ಅಲ್ಲೇ ನಿಲ್ಲುತ್ತದೆ. ದಡದ ಅಳತೆ ಹಾಗೆ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ. ಇದನ್ನೇ 'ಕರಾವಳಿ ವಿರೋಧಾಭಾಸ' ಎನ್ನುತ್ತಾರೆ.

ಗೋಕರ್ಣದ ಕಡೆ ನೋಡಿ. ಗೋಕರ್ಣದಿಂದ ತದಡಿಯ ಕಡೆಗೆ ಹತ್ತು ಕಿ.ಮೀ. ಉದ್ದದ ಗೋಲು ಇಟ್ಟರೆ ಕುಡ್ಲೆ ಬೀಚೂ ಇಲ್ಲ, ಓಂ ಬೀಚೂ ಇಲ್ಲ. ಒಂದೇ ಗೆರೆ. ಗೋಲು ಚಿಕ್ಕದಾದಂತೆ ಕುಡ್ಲೆಯ ಬಾಗು ಸಿಕ್ಕುತ್ತದೆ. ನೂರು ಮೀಟರಿನ ಗೋಲಿಗೆ ಓಂ ಬೀಚಿನ ಎರಡು ಅರ್ಧಚಂದ್ರಗಳು, ನಡುವೆ ಚಾಚಿದ ಬಂಡೆ ಸಿಕ್ಕುತ್ತವೆ. ಒಂದು ಮೀಟರಿನ ಗೋಲು ಹಿಡಿದರೆ ಆ ಬಂಡೆಯ ಒಂದೊಂದು ಸಂದಿಯನ್ನೂ ಸುತ್ತಬೇಕು. ಆಮೇಲೆ ಬಂಡೆಗೆ ಅಂಟಿದ ಚಿಪ್ಪು, ಚಿಪ್ಪಿನ ಅಂಚು. ಪ್ರತಿ ಹೆಜ್ಜೆಗೂ ಹೊಸ ಉದ್ದ.

ಇನ್ನು ಅಳಿವೆಗಳದ್ದು ಬೇರೆಯೇ ತಕರಾರು. ತದಡಿಯಲ್ಲಿ ತಾರಿ (ದಾಟಿಸುವ ದೋಣಿ) ಹತ್ತಿದರೆ ಎದುರು ದಡದ ಅಘನಾಶಿನಿ ಊರಿಗೆ ಬೇಗ ತಲುಪುತ್ತೀರಿ. ಅದೇ ನೀರಿನ ಅಂಚು ಹಿಡಿದು ಹೊರಟರೆ ಕೋಡಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಎಲ್ಲವನ್ನೂ ಸುತ್ತಿ, ಮಿರ್ಜಾನಿನ ಆಚೆವರೆಗೂ ಹೋಗಿ ಮರಳಬೇಕು. ಉಪ್ಪುನೀರು ಅಲ್ಲಿಯವರೆಗೂ ಏರುತ್ತದೆ ತಾನೇ? ಹಾಗಿದ್ದರೆ ಅದು ಕರಾವಳಿಯೋ, ನದಿಯ ದಂಡೆಯೋ? ಯಾರೋ ಒಬ್ಬರು ತೀರ್ಮಾನ ಮಾಡಿ ಅಡ್ಡಗೆರೆ ಎಳೆಯಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಉತ್ತರ ಕನ್ನಡದ ದಡದಲ್ಲಿ ಇಂಥ ತೀರ್ಮಾನ ಮತ್ತೆ ಮತ್ತೆ ಎದುರಾಗುತ್ತದೆ.

ಇದನ್ನು ಮೊದಲು ಗಂಭೀರವಾಗಿ ಹಿಡಿದವರು ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ. ನನಗೆ ಬಹಳ ಇಷ್ಟವಾದ ಮನುಷ್ಯ. ಹವಾಮಾನವನ್ನು ಲೆಕ್ಕ ಹಾಕಿ ಮುಂಚಿತವಾಗಿ ಹೇಳಬಹುದು ಎಂದು ಕಂಪ್ಯೂಟರ್ ಇಲ್ಲದ ಕಾಲದಲ್ಲೇ ತೋರಿಸಲು ಹೊರಟವರು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಕೆಳಗೆ ಬಂದಾಗ ಕೆಲಸವನ್ನೇ ಬಿಟ್ಟರು. ದೇಶಗಳು ಯಾಕೆ ಕಾದಾಡುತ್ತವೆ ಎಂಬುದಕ್ಕೆ ಗಣಿತದಲ್ಲಿ ಉತ್ತರ ಹುಡುಕುವುದು ಅವರ ಕೊನೆಗಾಲದ ದೊಡ್ಡ ಕೆಲಸ. ಎರಡು ದೇಶಗಳ ನಡುವಿನ ಗಡಿ ಉದ್ದವಿದ್ದಷ್ಟೂ ಯುದ್ಧದ ಸಂಭವ ಜಾಸ್ತಿಯೇ? ಇದನ್ನು ಪರೀಕ್ಷಿಸಲು ಗಡಿಗಳ ಉದ್ದ ಬೇಕಿತ್ತು. ನೋಡಿದರೆ ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿ.ಮೀ., ಇನ್ನೊಂದು ಕಡೆ 1,214 ಕಿ.ಮೀ. ಎಂದು ಬರೆದಿತ್ತು. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಗಡಿಗೂ 380 ಮತ್ತು 449 ಎಂಬ ಎರಡು ಸಂಖ್ಯೆ. ಬೇರೆಯವರಾದರೆ ಸುಮ್ನೆ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತಿದ್ದರೇನೋ. ರಿಚರ್ಡ್‌ಸನ್ ಕೈವಾರ ತೆಗೆದುಕೊಂಡು ನಕ್ಷೆಗಳ ಮುಂದೆ ಕುಳಿತರು. ಕೈವಾರದ ಕಾಲುಗಳ ಅಂತರ ಕಡಿಮೆ ಮಾಡುತ್ತ ಹೋದಂತೆ ಉದ್ದ ಏರುತ್ತದೆ, ಆ ಏರಿಕೆಗೂ ಒಂದು ಅಚ್ಚುಕಟ್ಟಾದ ನಿಯಮ ಇದೆ ಎಂದು ಕಂಡುಕೊಂಡರು. ಅವರು 1953ರಲ್ಲಿ ತೀರಿಕೊಂಡರು. ಇದರ ಬಗ್ಗೆ ಅವರು ಬರೆದದ್ದು ಅಚ್ಚಾದದ್ದು 1961ರಲ್ಲಿ. 1967ರಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅದನ್ನು ಎತ್ತಿಕೊಂಡು ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಕೇಳುವ ಪ್ರಸಿದ್ಧ ಲೇಖನ ಬರೆದರು. ಅಲ್ಲಿಂದ ಜಗತ್ತಿನ ಗಮನ ಈ ಕಡೆ ತಿರುಗಿತು.

ಕೈವಾರದಿಂದ ಕಂಡ ಆ ನಿಯಮವೇ ಕರಾವಳಿ ವಿರೋಧಾಭಾಸದ ತಿರುಳು. ಒಂದು ನೇರ ಗೆರೆಯನ್ನು ಗೋಲಿನಿಂದ ಅಳೆಯಿರಿ. ಗೋಲನ್ನು ಅರ್ಧ ಮಾಡಿದರೆ ಬೇಕಾಗುವ ಗೋಲುಗಳ ಸಂಖ್ಯೆ ಎರಡು ಪಟ್ಟು. ಒಂದು ಅಂಗಳಕ್ಕೆ ಚೌಕದ ಹಂಚು ಹಾಸಿ. ಹಂಚಿನ ಬದಿಯನ್ನು ಅರ್ಧ ಮಾಡಿದರೆ ನಾಲ್ಕು ಪಟ್ಟು ಹಂಚು ಬೇಕು. ಗೆರೆಯ ಆಯಾಮ 1, ಅಂಗಳದ ಆಯಾಮ 2 ಎನ್ನುವುದಕ್ಕೆ ಇದೇ ಆಧಾರ: ಎರಡನ್ನು ಒಂದು ಸಲ ತೆಗೆದುಕೊಂಡರೆ ಎರಡು, ಎರಡು ಸಲ ಗುಣಿಸಿದರೆ ನಾಲ್ಕು. ಬ್ರಿಟನ್ನಿನ ಪಶ್ಚಿಮ ಕರಾವಳಿಯಲ್ಲಿ ಗೋಲನ್ನು ಅರ್ಧ ಮಾಡಿದರೆ ಸುಮಾರು 2.38 ಪಟ್ಟು ಗೋಲುಗಳು ಬೇಕಾಗುತ್ತವೆ. ಎರಡಕ್ಕಿಂತ ಜಾಸ್ತಿ, ನಾಲ್ಕಕ್ಕಿಂತ ಕಡಿಮೆ. ಅದರ ಆಯಾಮ 1.25. ಗೆರೆಗಿಂತ ಸ್ವಲ್ಪ ಹೆಚ್ಚು, ಅಂಗಳಕ್ಕಿಂತ ಬಹಳ ಕಡಿಮೆ. ಪ್ರತಿ ಸಲ ಗೋಲು ಅರ್ಧವಾದಾಗ ಉದ್ದ ಶೇಕಡಾ 19ರಷ್ಟು ಏರುತ್ತದೆ. ದಕ್ಷಿಣ ಆಫ್ರಿಕಾದ ದಡ ನುಣುಪು, ಅದರ ಆಯಾಮ ಬರೀ 1.02. ಅಲ್ಲಿ ಏರಿಕೆ ಶೇಕಡಾ ಒಂದೂವರೆಯೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇದು. ಉದ್ದ ಗೋಲಿಗೊಂದು ಥರ ಬದಲಾಗುತ್ತದೆ. ಬದಲಾಗುವ ವೇಗ ಮಾತ್ರ ಆ ದಡದ ಸ್ವಂತ ಗುಣ. ಒಂದು ಕರಾವಳಿಯ ಬಗ್ಗೆ ಒಂದೇ ಸಂಖ್ಯೆ ಹೇಳಬೇಕಾದರೆ ಉದ್ದಕ್ಕಿಂತ ಇದನ್ನು ಹೇಳುವುದು ಒಳ್ಳೆಯದು.

ಕಾಗದದ ಮೇಲೆ ಇದನ್ನು ಕೊನೆಯಿಲ್ಲದೆ ಮುಂದುವರಿಸಬಹುದು. 1904ರಲ್ಲಿ ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕಾಖ್ ಅಂಥ ಒಂದು ಗೆರೆ ಕಟ್ಟಿದರು. ಗೆರೆಯನ್ನು ಮೂರು ಸಮಪಾಲು ಮಾಡಿ, ನಡುವಿನ ಪಾಲನ್ನು ತೆಗೆದು, ಅಲ್ಲಿ ಅಷ್ಟೇ ಉದ್ದದ ಎರಡು ಬದಿಗಳ ಗೋಪುರ ಇಡಿ. ಹುಟ್ಟಿದ ನಾಲ್ಕು ತುಂಡುಗಳಿಗೂ ಹಾಗೇ ಮಾಡಿ. ಪ್ರತಿ ಸುತ್ತಿಗೂ ಉದ್ದ ಮೂರನೇ ಒಂದು ಭಾಗ ಬೆಳೆಯುತ್ತದೆ. 10 ಸೆಂ.ಮೀ. ಗೆರೆಯಿಂದ ಶುರು ಮಾಡಿದರೆ ಐವತ್ತು ಸುತ್ತಿನ ಹೊತ್ತಿಗೆ ಅದು 176 ಕಿ.ಮೀ. ದಾಟುತ್ತದೆ. ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿಯಲ್ಲಿ ಹೋಗುವ ದೂರಕ್ಕಿಂತ ಜಾಸ್ತಿ, ಆದರೂ ಅದು ಇರುವುದು ನಿಮ್ಮ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ. ಇಂಥ ಆಕಾರಗಳಿಗೆ 1975ರಲ್ಲಿ ಮ್ಯಾಂಡೆಲ್‌ಬ್ರಾಟ್ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು.

ನಿಜವಾದ ದಡ ಮರಳಿನ ಕಣಕ್ಕೆ ಬರುವಷ್ಟರಲ್ಲಿ ಕೈಕೊಡುತ್ತದೆ. ಅದಕ್ಕಿಂತ ಮುಂಚೆಯೇ ಭರತ ಇಳಿತಗಳು ಗೆರೆಯನ್ನು ಅಳಿಸುತ್ತವೆ. ಹೊಸ ಸರ್ಕಾರಿ ಅಳತೆ ಭರತದ ಗೆರೆಯನ್ನು ಹಿಡಿದದ್ದು ಇದೇ ಕಾರಣಕ್ಕೆ ಮುಖ್ಯ. ಮಳೆಗಾಲದಲ್ಲಿ ಅಲೆ ಮರಳನ್ನು ಎಳೆದುಕೊಂಡು ಹೋಗಿ, ಆಮೇಲೆ ತಂದು ಹಾಕುವ ದಡಕ್ಕೆ ಸೆಂಟಿಮೀಟರಿನ ಲೆಕ್ಕ ಹೇಳುವುದರಲ್ಲಿ ಅರ್ಥವಿಲ್ಲ.

ಈಗ ನಮ್ಮದೇ ಸಂಖ್ಯೆಗಳಿಗೆ ಈ ನಿಯಮ ಹಚ್ಚಿ ನೋಡೋಣ. ಹಳೆಯ ನಕ್ಷೆಗಿಂತ ಹೊಸದು 18 ಪಟ್ಟು ಸೂಕ್ಷ್ಮ. ಕೇರಳ 569.7ರಿಂದ 600.15ಕ್ಕೆ ಮಾತ್ರ ಏರಿತು. ಲೆಕ್ಕ ಹಾಕಿದರೆ ಆಯಾಮ 1.02 ಬರುತ್ತದೆ, ದಕ್ಷಿಣ ಆಫ್ರಿಕಾದಂತೆಯೇ. ಗೋವಾ 101ರಿಂದ 193.95ಕ್ಕೆ, ಹೆಚ್ಚುಕಡಿಮೆ ಎರಡು ಪಟ್ಟು ಜಿಗಿಯಿತು. ಅದರ ಆಯಾಮ 1.23, ಬ್ರಿಟನ್ನಿನ ಹತ್ತಿರ. ಕರ್ನಾಟಕ ನಡುವೆ, 1.07. ಇದು ಒರಟು ಅಂದಾಜು. ಎರಡು ಅಳತೆಗಳ ನಡುವೆ ನಕ್ಷೆಯ ಪ್ರಮಾಣದ ಜೊತೆ ಬೇರೆ ವಿಷಯಗಳೂ ಬದಲಾಗಿರುತ್ತವೆ. ಆದರೂ ದಡ ನೋಡಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಕಾರವಾರದ ಹತ್ತಿರ ಗುಡ್ಡಗಳು ಸಮುದ್ರಕ್ಕೇ ಇಳಿಯುತ್ತವೆ. ಬೈತಖೋಲ, ಬಿಣಗಾ, ಅರ್ಗಾ ಎಂದು ಒಂದರ ಪಕ್ಕ ಒಂದು ಕೊಲ್ಲಿ. ದಕ್ಷಿಣಕ್ಕೆ ಹೋದಂತೆ ಉದ್ದನೆಯ ನೇರ ಮರಳುದಂಡೆಗಳು ಹೆಚ್ಚು. ರಾಜ್ಯದ 1.07ರಲ್ಲಿ ಇವೆರಡೂ ಬೆರೆತಿವೆ. ಉತ್ತರ ಕನ್ನಡದ್ದನ್ನೇ ಬೇರೆ ಮಾಡಿ ಅಳೆದರೆ ಅದು ಗೋವಾದ ಕಡೆಗೆ ವಾಲುತ್ತದೆ ಎಂದು ನನ್ನ ಊಹೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಕರಾವಳಿ ನಿಯಂತ್ರಣ ವಲಯದ ಯೋಜನೆಗೆ 1:25,000 ಪ್ರಮಾಣದ ನಕ್ಷೆಗಳನ್ನು ಮಾಡುತ್ತಾರೆ. ಅವು 1:2,50,000ಕ್ಕಿಂತ ಹತ್ತು ಪಟ್ಟು ಸೂಕ್ಷ್ಮ. ಅವುಗಳ ಮೇಲೆ ಇದೇ ರೀತಿ ಗೆರೆ ಹಿಡಿದು ಅಳೆದರೆ ಕರ್ನಾಟಕದ ಕರಾವಳಿ ಸುಮಾರು 400 ಕಿ.ಮೀ. ಬರಬೇಕು. ನಕ್ಷೆ ಮತ್ತು ದಾರ ಇದ್ದರೆ, ಕಾರವಾರ ತಾಲ್ಲೂಕಿನ ಒಂದು ಹಾಳೆಯಿಂದ ಶುರು ಮಾಡಬಹುದು.