'ಕಾಸಿ ಕುಡೀರಿ' ಅನ್ನುವ ಮೊದಲು

ಕೊಪ್ಪಳ ಜಿಲ್ಲೆಗೆ ಡಾಕ್ಟರಾಗಿ ಬಂದ ಹೊಸದರಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು ಒಂದೇ: ನೀರು ಕಾಸಿ ಕುಡೀರಿ. ಭೇದಿಗೂ ಅದೇ, ಜ್ವರಕ್ಕೂ ಅದೇ. ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಒಂದಿನ ಕುಷ್ಟಗಿ ಕಡೆಯ ಒಬ್ಬ ಯಮ್ಮ ಬಂದರು. ವಯಸ್ಸು ಐವತ್ತರ ಹತ್ತಿರ, ನಡಿಗೆ ಮಾತ್ರ ಎಪ್ಪತ್ತರದು. ಮೊಣಕಾಲು ನೋವು, ಸೊಂಟ ಹಿಡಿದಿದೆ ಅಂದರು. ಗದ್ದವನ್ನು ಎದೆಗೆ ತಾಗಿಸಿ ಅಂದೆ, ಆಗಲಿಲ್ಲ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ ಅಂದೆ, ಅರ್ಧಕ್ಕೇ ನಿಂತರು. ಜೊತೆಗಿದ್ದ ಒಂಬತ್ತು ವರ್ಷದ ಮೊಮ್ಮಗಳು ಅಜ್ಜಿಯ ಈ ಕಸರತ್ತು ನೋಡಿ ನಕ್ಕಳು. ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಂಡವು. ಅಜ್ಜಿಯ ಸೊಂಟದ ಕಾಯಿಲೆ ಮೊಮ್ಮಗಳ ಹಲ್ಲಿನಲ್ಲಿ ಬರೆದಿತ್ತು. ಫ್ಲೋರೋಸಿಸ್, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಎಲುಬು ಕೆಡಿಸುವ ಕಾಯಿಲೆ.

"ಯಾವ ನೀರು ಕುಡೀತೀರಿ?"

"ಬೋರಿಂದ್ರಿ ಸರ. ಆದ್ರ ಕಾಸೇ ಕುಡೀತೀವಿ. ನೀವೇ ಹೇಳಿದ್ರೆಲ್ಲ."

ಹೌದು, ನಾನೇ ಹೇಳಿದ್ದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಸರಿ. ಫ್ಲೋರೈಡ್‌ಗೆ ಜೀವ ಎಲ್ಲಿದೆ ಸಾಯೋಕೆ? ಅದು ನಮ್ಮ ಕಡೆಯ ಬಂಡೆಗಲ್ಲಿನೊಳಗಿಂದ ನೀರಿಗೆ ಇಳಿದು ಬರುವ ಉಪ್ಪು, ಬೋರು ಆಳಕ್ಕೆ ಹೋದಷ್ಟೂ ಆ ನೀರು ಕಲ್ಲಿನ ಜೊತೆ ಕಳೆದ ಕಾಲ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಈಗ ಲೆಕ್ಕ ಹಾಕಿ. ಲೀಟರಿಗೆ 2 ಮಿಲಿಗ್ರಾಂ ಇರುವ ಐದು ಲೀಟರ್ ನೀರನ್ನು ನಾಲ್ಕು ಲೀಟರ್ ಆಗುವವರೆಗೆ ಕುದಿಸಿದರೆ ಹಬೆಯಾಗಿ ಹೋಗುವುದು ಬರೀ ನೀರು, ಉಳಿದದ್ದರಲ್ಲಿ ಲೀಟರಿಗೆ 2.5 ಆಯಿತು. ಆಕೆ ಕಟ್ಟಿಗೆ ಹೊತ್ತು ತಂದು, ಒಲೆ ಊದಿ, ಹೊಗೆ ಕುಡಿದು, ನನ್ನ ಮಾತು ಕೇಳಿ ವಿಷವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡಿದ್ದರು.

ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆ ಚಿನ್ನದ ಕಲ್ಲಿನ ಸೀಮೆಯಲ್ಲಿ ಕೆಲವು ಬೋರುಗಳಲ್ಲಿ ಆರ್ಸೆನಿಕ್ ಅನ್ನುವ ವಿಷ ಸಿಗುತ್ತದೆ. ಅದೂ ಕಾಸಿದರೆ ಹೋಗುವುದಿಲ್ಲ.

ಹಾಗಂತ ಕಾಸುವುದನ್ನೇ ಬಿಡಬೇಡಿ ಮತ್ತೆ. 2022ರಲ್ಲಿ ರಾಯಚೂರು ನಗರದಲ್ಲಿ, ಮರುವರ್ಷ ನಮ್ಮ ಕೊಪ್ಪಳದ ಹಳ್ಳಿಗಳಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರಲ್ಲ, ಅಂಥ ಹೊತ್ತಲ್ಲಿ ಕಾಸಿದ ನೀರೇ ಜೀವ ಉಳಿಸುವುದು. ಗುಳುಗುಳು ಕುದಿ ಬಂದು ಒಂದು ನಿಮಿಷ ಆದರೆ ಸಾಕು, ಅರ್ಧ ತಾಸು ಬೇಡ. ಕಟ್ಟಿಗೆ ಇಲ್ಲವೇ, ಆಶಾ ಕಾರ್ಯಕರ್ತೆ ಕೊಡುವ ಅರ್ಧ ಗ್ರಾಮಿನ ಕ್ಲೋರಿನ್ ಮಾತ್ರೆಯನ್ನು 20 ಲೀಟರ್ ನೀರಿಗೆ ಒಂದು ಹಾಕಿ ಅರ್ಧ ತಾಸು ಬಿಡಿ. ವಾಸನೆ ಬರುತ್ತದೆ ಅಂತ ಎಷ್ಟೋ ಮನೆಯಲ್ಲಿ ಆ ಮಾತ್ರೆ ಹಾಗೇ ಜಂತಿಗೆ ಸಿಕ್ಕಿಸಿರುತ್ತಾರೆ!

ನಮ್ಮ ಹಿರಿಯರಿಗೆ ನಾರುಹುಣ್ಣು ಗೊತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿಂದ ಬಿಳಿ ದಾರದಂಥ ಹುಳ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ನಡುವೆ ಹರಿದರೆ ಮುಗಿಯಿತು ಕಥೆ. ಹುಣ್ಣಿದ್ದವರು ಮೆಟ್ಟಿಲು ಬಾವಿಗೆ ಇಳಿದರೆ ಹುಳದ ಮರಿಗಳು ನೀರಿಗೆ ಬೀಳುತ್ತಿದ್ದವು, ಅದೇ ನೀರು ಊರವರ ಹೊಟ್ಟೆಗೆ. ಇದಕ್ಕೆ ಲಸಿಕೆ ಇರಲಿಲ್ಲ, ಗುಣ ಮಾಡುವ ಮಾತ್ರೆಯೂ ಇರಲಿಲ್ಲ. ಊರೂರಿಗೆ ಹೋಗಿ ಬಾವಿ ಬದಲಾಯಿಸಿದರು, ಕೈಪಂಪು ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯುವುದು ಕಲಿಸಿದರು. ಭಾರತದಲ್ಲಿ 1996ರ ನಂತರ ಒಬ್ಬ ರೋಗಿಯೂ ಸಿಗಲಿಲ್ಲ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಕಾಯಿಲೆ 2023ರ ಹೊತ್ತಿಗೆ 14 ಜನರಿಗೆ ಇಳಿಯಿತು. ಬರೀ ನೀರು ಸರಿ ಮಾಡಿ!

ತಮಾಷೆ ನೋಡಿ, ನಾರುಹುಣ್ಣಿನಿಂದ ಪಾರಾಗಲು ಬಾವಿ ಬಿಟ್ಟು ಬೋರಿಗೆ ಬಂದೆವು, ಬೋರಿನಲ್ಲಿ ಫ್ಲೋರೈಡ್ ಕಾಯುತ್ತಿತ್ತು. ಆಗ ಬಾವಿ ಸರಿ ಮಾಡುವುದು ಸರ್ಕಾರದ ಹೊಣೆ ಆಗಿತ್ತು. ಈಗ ನಾವು ಡಾಕ್ಟರುಗಳು 'ಫಿಲ್ಟರ್ ನೀರು ಕುಡೀರಿ' ಅಂತ ಚೀಟಿಯಲ್ಲಿ ಬರೆದು ಹೊಣೆಯನ್ನು ಯಮ್ಮನ ತಲೆ ಮೇಲಿಡುತ್ತೇವೆ. ಕುಡಿಯುವ ನೀರು ಮನುಷ್ಯನ ಹಕ್ಕು ಅಂತ 2010ರ ಜುಲೈ 28ರಂದು ವಿಶ್ವಸಂಸ್ಥೆ ಒಪ್ಪಿದೆ, ಭಾರತವೂ ಪರವಾಗಿ ಮತ ಹಾಕಿದೆ. ಎರಡೂ ಕಡೆ ಕೃಷ್ಣಾ, ತುಂಗಭದ್ರಾ ಹರಿಯುವ ಸೀಮೆಯಲ್ಲಿ ಆ ಹಕ್ಕು ನಾಣ್ಯ ಹಾಕಿದರೆ ಮಾತ್ರ ಬರುತ್ತದೆ, ಅದೂ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿಲ್ಲದಿದ್ದರೆ. ಬೈಕ್ ಇದ್ದವರು ಪಕ್ಕದೂರಿಂದ ಕ್ಯಾನ್ ತರುತ್ತಾರೆ. ಇಲ್ಲದವರು ಬೋರಿನ ನೀರೇ ಕುಡಿಯುತ್ತಾರೆ, ಅವರೇ ನಮ್ಮ ಓಪಿಡಿಯಲ್ಲಿ ಸಾಲಾಗಿ ಕೂತಿರುತ್ತಾರೆ.

ಆ ಯಮ್ಮನಿಗೆ ನೋವಿನ ಮಾತ್ರೆ ಕೊಟ್ಟೆ, ಮಜ್ಜಿಗೆ, ನುಗ್ಗೆಸೊಪ್ಪು ತಿನ್ನಿ ಅಂದೆ. ಗಟ್ಟಿಯಾದ ಬೆನ್ನು ಮತ್ತೆ ಬಾಗುವುದಿಲ್ಲ ಅನ್ನುವುದನ್ನೂ ಹೇಳಿದೆ. ಹುಡುಗಿಯ ಹಲ್ಲಿನ ಗೆರೆ ಹೋಗುವುದಿಲ್ಲ. ಆದರೆ ಅವಳ ತಮ್ಮ ಮೂರು ವರ್ಷದವನು, ಅವನ ಹಾಲುಹಲ್ಲಿನ ನಂತರ ಬರುವ ಹಲ್ಲು ಇನ್ನೂ ವಸಡಿನೊಳಗೆ ತಯಾರಾಗುತ್ತಿವೆ. ಎಂಟು ವರ್ಷದ ತನಕ ಅವನಿಗೆ ಬೇರೆ ನೀರು ಕೊಡಿ ಅಂದೆ.

ಮುಂದಿನ ತಿಂಗಳು ಬಂದಾಗ ದಿನಕ್ಕೊಂದು ಕ್ಯಾನ್ ತರಿಸುತ್ತಿದ್ದರು. ಅಡುಗೆಗೆ ಯಾವ ನೀರು ಅಂತ ಕೇಳಿದೆ, ಯಾಕೆಂದರೆ ಅನ್ನ, ಬೇಳೆ ಎಲ್ಲ ನೀರು ಹೀರುತ್ತವೆ, ಕುಡಿಯುವುದಷ್ಟೇ ಬದಲಾದರೆ ಸಾಲದು.

"ಬ್ಯಾಳಿಗೆ ಕ್ಯಾನಿನ ನೀರ್ರಿ, ಲಗೂನ ಕುದೀತೈತಿ," ಅಂದರು. "ಅನ್ನಕ್ಕ ಬೋರಿಂದು. ಎಲ್ಲಾದಕ್ಕೂ ಅದನ್ನ ಹಾಕಿದ್ರ ಸಂಜಿಗೆ ಕ್ಯಾನ್ ಖಾಲಿ."

ಮನೆಯಲ್ಲಿ ಆರು ಜನ. ಕ್ಯಾನು 20 ಲೀಟರ್. ತಾವು ಯಾವುದು ಕುಡಿಯುತ್ತೀರಿ ಅಂತ ಕೇಳಿದೆ. ಚೀಲದಿಂದ ಬಾಟಲಿ ತೆಗೆದು ತೋರಿಸಿದರು, ಬೋರಿನದೇ, ಕಾಸಿರಲಿಲ್ಲ.