ಸರ್ಕಾರಿ ಗುತ್ತಿಗೆಯ ಕಾಲ್ ಸೆಂಟರ್ ಕೆಲಸ ಸ್ಥಳೀಯರಿಗೇ ಎಂಬ ಷರತ್ತು ಕಾನೂನಿನ ಮುಂದೆ ನಿಲ್ಲುತ್ತದೆಯೇ?

ಪ್ರಶ್ನೆ: ಅಮೆರಿಕದ ಕೆಲವು ರಾಜ್ಯಗಳು, ತಮ್ಮ ಇಲಾಖೆಗಳ ಕಾಲ್ ಸೆಂಟರ್ ಕೆಲಸವನ್ನು ಗುತ್ತಿಗೆ ಪಡೆದ ಕಂಪನಿಗಳು ಅದನ್ನು ಹೊರದೇಶಕ್ಕೆ ಸಾಗಿಸಬಾರದೆಂದು ನಿಯಮ ಮಾಡಿವೆ. ಮುಕ್ತ ವ್ಯಾಪಾರದ ಒಪ್ಪಂದಗಳಿಗೆ ಸಹಿ ಹಾಕಿದ ದೇಶದಲ್ಲಿ ಇಂತಹ ಷರತ್ತು ಊರ್ಜಿತವಾಗುವುದು ಹೇಗೆ? ಕೆಲಸಗಾರರಿಗೆ ಇದರಿಂದ ನಿಜವಾದ ಪ್ರಯೋಜನವಿದೆಯೇ?

ಉತ್ತರ: ಬಹುಮಟ್ಟಿಗೆ ಊರ್ಜಿತವಾಗುತ್ತದೆ. ಇಲ್ಲಿ ಸರ್ಕಾರ ಮಾರುಕಟ್ಟೆಯನ್ನು ನಿಯಂತ್ರಿಸುತ್ತಿಲ್ಲ, ತನ್ನ ಹಣ ಕೊಟ್ಟು ಸೇವೆಯನ್ನು ಕೊಳ್ಳುತ್ತಿದೆ ಎಂಬುದೇ ಅದಕ್ಕೆ ಕಾರಣ. ರಾಜ್ಯದಲ್ಲಿ ವ್ಯವಹರಿಸುವ ಎಲ್ಲ ಬ್ಯಾಂಕುಗಳೂ ತಮ್ಮ ಕಾಲ್ ಸೆಂಟರನ್ನು ರಾಜ್ಯದೊಳಗೇ ಇಡಬೇಕೆಂದು ಯಾವುದಾದರೂ ರಾಜ್ಯ ಆಜ್ಞೆ ಹೊರಡಿಸಿದರೆ, ಅಂತರರಾಜ್ಯ ಮತ್ತು ವಿದೇಶಿ ವಾಣಿಜ್ಯದ ಅಧಿಕಾರವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟಿರುವ ಸಂವಿಧಾನದ ವಿಧಿ ಅದಕ್ಕೆ ಅಡ್ಡ ಬರುತ್ತದೆ. ಆದರೆ ಅದೇ ರಾಜ್ಯ ತಾನೇ ಗ್ರಾಹಕನಾದಾಗ, ಯಾರೊಡನೆ ಮತ್ತು ಯಾವ ಷರತ್ತಿನ ಮೇಲೆ ವ್ಯವಹರಿಸಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಅದಕ್ಕೆ ಇದೆ ಎಂಬ ತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1976ರಿಂದ ಬೆಳೆಸಿಕೊಂಡು ಬಂದಿದೆ. ಸೌತ್ ಡಕೋಟ ರಾಜ್ಯ ತನ್ನದೇ ಸಿಮೆಂಟ್ ಕಾರ್ಖಾನೆಯ ಮಾಲನ್ನು ಮೊದಲು ತನ್ನ ನಿವಾಸಿಗಳಿಗೆ ಮಾರಿದ್ದು ತಪ್ಪಲ್ಲವೆಂದು 1980ರಲ್ಲಿ ಹೇಳಿದ ನ್ಯಾಯಾಲಯ, ಬಾಸ್ಟನ್ ನಗರದ ಹಣದಲ್ಲಿ ನಡೆಯುವ ಕಾಮಗಾರಿಗಳಲ್ಲಿ ಅರ್ಧದಷ್ಟು ಕೆಲಸಗಾರರು ನಗರವಾಸಿಗಳಾಗಿರಬೇಕೆಂಬ ಮೇಯರ್ ಆದೇಶವನ್ನು 1983ರಲ್ಲಿ ಎತ್ತಿಹಿಡಿಯಿತು.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಇದೆ. ಮರುವರ್ಷವೇ, ನ್ಯೂಜೆರ್ಸಿಯ ಕ್ಯಾಮ್ಡನ್ ನಗರ ತಂದಿದ್ದ ಇಂಥದೇ ನಿಯಮದ ವಿಚಾರದಲ್ಲಿ, ಬೇರೆ ಕಡೆಯ ಪ್ರಜೆಗಳ ಸಮಾನ ಹಕ್ಕಿನ ಪ್ರಶ್ನೆ ಇಂತಹ ಷರತ್ತುಗಳಿಗೂ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ ಹೇಳಿತು. ಆದ್ದರಿಂದ ಕೆಲಸಗಾರ ಎಲ್ಲಿಯ ನಿವಾಸಿ ಎಂದು ಕೇಳುವ ಷರತ್ತಿಗಿಂತ, ಕೆಲಸ ಎಲ್ಲಿ ನಡೆಯುತ್ತದೆ ಎಂದು ಕೇಳುವ ಷರತ್ತು ಹೆಚ್ಚು ಸುರಕ್ಷಿತ. ಬರ್ಮಾದೊಡನೆ ವ್ಯವಹರಿಸುವ ಕಂಪನಿಗಳಿಂದ ತನ್ನ ಸರ್ಕಾರ ಖರೀದಿ ಮಾಡದಂತೆ ಮ್ಯಾಸಚೂಸೆಟ್ಸ್ ಮಾಡಿದ್ದ ಕಾನೂನು ಕೇಂದ್ರದ ವಿದೇಶಾಂಗ ನೀತಿಗೆ ಅಡ್ಡಿಯಾಗುತ್ತದೆಂದು 2000ದಲ್ಲಿ ಬಿದ್ದುಹೋಯಿತು. ಖರೀದಿಯ ನೆಪದಲ್ಲಿ ರಾಜ್ಯಗಳು ವಿದೇಶಾಂಗ ವ್ಯವಹಾರ ನಡೆಸಲಾಗದು.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳ ವಿಷಯದಲ್ಲಿ ಓದುಗರಿಗೆ ಇರುವ ಗೊಂದಲ ಸಹಜವಾದುದು. ಸೇವಾ ವ್ಯಾಪಾರದ ಒಪ್ಪಂದದ 13ನೆಯ ವಿಧಿ, ಸರ್ಕಾರಗಳು ತಮ್ಮ ಬಳಕೆಗಾಗಿ ಕೊಳ್ಳುವ ಸೇವೆಗಳನ್ನು ಮಾರುಕಟ್ಟೆ ತೆರೆಯುವ ಮುಖ್ಯ ಬಾಧ್ಯತೆಗಳಿಂದ ಹೊರಗಿಟ್ಟಿದೆ. ಸರ್ಕಾರಿ ಖರೀದಿಗೆಂದೇ ಬೇರೊಂದು ಒಪ್ಪಂದವಿದ್ದು, ಅದು ಸಹಿ ಹಾಕಿದ ದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಅಮೆರಿಕ ಅದರಲ್ಲಿ ಸದಸ್ಯನಾದರೂ ಅದರ ವ್ಯಾಪ್ತಿಗೆ ಬಂದಿರುವುದು 37 ರಾಜ್ಯಗಳು ಮಾತ್ರ. ನ್ಯೂಜೆರ್ಸಿ ಮತ್ತು ಒಹಾಯೊ ಆ ಪಟ್ಟಿಯಲ್ಲಿಲ್ಲ. ಭಾರತ 2010ರಿಂದ ಅಲ್ಲಿ ವೀಕ್ಷಕ ಸ್ಥಾನದಲ್ಲಿದೆಯೇ ಹೊರತು ಸದಸ್ಯನಲ್ಲ. ಹೀಗಾಗಿ ಅಮೆರಿಕದ ರಾಜ್ಯ ಸರ್ಕಾರಗಳ ಗುತ್ತಿಗೆ ಭಾರತದ ಕಂಪನಿಗಳಿಗೆ ಸಿಗಲೇಬೇಕೆಂಬ ಹಕ್ಕನ್ನು ಈ ಒಪ್ಪಂದಗಳು ಕೊಟ್ಟಿಲ್ಲ.

ಈ ಚರ್ಚೆಗೆ ಚಾಲನೆ ಕೊಟ್ಟದ್ದು ನ್ಯೂಜೆರ್ಸಿಯ ಒಂದು ಪ್ರಕರಣ. ಬಡವರಿಗೆ ಆಹಾರ ನೆರವು ನೀಡುವ ಯೋಜನೆಯ ಫಲಾನುಭವಿಗಳು ಮಾಡುವ ಕರೆಗಳಿಗೆ ಗುತ್ತಿಗೆದಾರ ಕಂಪನಿ ಮುಂಬೈಯಿಂದ ಉತ್ತರ ಕೊಡಿಸುತ್ತಿದೆ ಎಂಬುದು 2002ರಲ್ಲಿ ಬೆಳಕಿಗೆ ಬಂದಿತು. ಕೆಲಸವಿಲ್ಲದೆ ನೆರವು ಕೇಳುವವರ ಹೆಸರಿನಲ್ಲಿ ಖರ್ಚಾಗುವ ತೆರಿಗೆ ಹಣ, ಅದೇ ಜನ ಮಾಡಬಹುದಾಗಿದ್ದ ಕೆಲಸವನ್ನು ದೇಶದ ಹೊರಗೆ ಕಳುಹಿಸುತ್ತಿತ್ತು. ಜನರ ಅಸಮಾಧಾನದ ನಂತರ ಆ ಕೇಂದ್ರವನ್ನು ಕ್ಯಾಮ್ಡನ್‌ಗೆ ತರಲಾಯಿತು. ಸಿಕ್ಕ ಉದ್ಯೋಗಗಳು ಸುಮಾರು ಒಂದು ಡಜನ್, ಗುತ್ತಿಗೆಯ ವೆಚ್ಚವೂ ಏರಿತು. ಮುಂದೆ 2005ರ ಮೇ ತಿಂಗಳಲ್ಲಿ, ರಾಜ್ಯದ ಸೇವಾ ಗುತ್ತಿಗೆಗಳ ಕೆಲಸ ಅಮೆರಿಕದೊಳಗೇ ನಡೆಯಬೇಕೆಂಬ ಕಾನೂನು ಜಾರಿಗೆ ಬಂದಿತು. ಆ ಸೇವೆ ದೇಶದೊಳಗೆ ಸಿಗುವುದೇ ಇಲ್ಲವೆಂದು ಅಧಿಕಾರಿ ಲಿಖಿತವಾಗಿ ದೃಢೀಕರಿಸಿದರೆ ವಿನಾಯಿತಿ ಉಂಟು. ಒಹಾಯೊದ ಗವರ್ನರ್ ಟೆಡ್ ಸ್ಟ್ರಿಕ್‌ಲ್ಯಾಂಡ್ 2010ರಲ್ಲಿ ಇಂಥದೇ ಆದೇಶ ಹೊರಡಿಸಿದ್ದರ ಹಿಂದೆ, ಗೃಹೋಪಕರಣಗಳ ರಿಯಾಯಿತಿ ಯೋಜನೆಯೊಂದರ ಕರೆಗಳು ಟೆಕ್ಸಾಸ್‌ನ ಗುತ್ತಿಗೆದಾರನ ಮೂಲಕ ಎಲ್ ಸಾಲ್ವಡಾರ್‌ಗೆ ಹೋಗುತ್ತಿದ್ದ ಸಂಗತಿ ಇತ್ತು. ನ್ಯೂಯಾರ್ಕ್ ಇನ್ನೂ ಮುಂದೆ ಹೋಗಿ, 2019ರ ಕಾನೂನಿನಲ್ಲಿ, ಇಲಾಖೆಗಳ ಹೊಸ ಗುತ್ತಿಗೆಗಳ ಕಾಲ್ ಸೆಂಟರ್ ಕೆಲಸ ರಾಜ್ಯದೊಳಗೇ ನಡೆಯಬೇಕೆಂದು ಹೇಳಿತು.

ಒಂದು ಡಜನ್ ಉದ್ಯೋಗಕ್ಕಾಗಿ ಇಷ್ಟು ಖರ್ಚೇ ಎಂದು ಟೀಕಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಟೀಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ; ಹೆಚ್ಚಾದ ವೆಚ್ಚ ನೆರವಿನ ಯೋಜನೆಯ ಹಣದಿಂದಲೇ ಬಂದರೆ ಹೊರೆ ಬೀಳುವುದು ಬಡವರ ಮೇಲೆಯೇ. ಆದರೂ ಷರತ್ತು ಸರಿಯಾದುದೆಂಬುದು ನನ್ನ ಅಭಿಪ್ರಾಯ. ನೆರವಿಗಾಗಿ ಕರೆ ಮಾಡುವವರು ತಮ್ಮ ವರಮಾನ, ಕಾಯಿಲೆ, ಗುರುತಿನ ಸಂಖ್ಯೆ ಎಲ್ಲವನ್ನೂ ಫೋನಿನಲ್ಲಿ ಹೇಳಿಕೊಳ್ಳುತ್ತಾರೆ. ಆ ಮಾಹಿತಿ ಸೋರಿದಾಗ ತನಿಖೆ ಮಾಡಿ ಹೊಣೆ ಹೊರಿಸುವ ಅಧಿಕಾರ, ಕೆಲಸ ನಡೆಯುವ ಸ್ಥಳ ಅದೇ ಕಾನೂನಿನ ವ್ಯಾಪ್ತಿಯಲ್ಲಿದ್ದರೆ ಮಾತ್ರ ಸುಲಭವಾಗಿ ಕೈಗೆ ಸಿಗುತ್ತದೆ.

ವೇತನದ ಪ್ರಶ್ನೆ ಇದಕ್ಕಿಂತ ದೊಡ್ಡದು. ಅಮೆರಿಕದ ಕೇಂದ್ರ ಸರ್ಕಾರದ ಸೇವಾ ಗುತ್ತಿಗೆಗಳಲ್ಲಿ ದುಡಿಯುವವರಿಗೆ ಆ ಪ್ರದೇಶದ ಚಾಲ್ತಿ ವೇತನ ಮತ್ತು ಸೌಲಭ್ಯ ಕೊಡಬೇಕೆಂದು 1965ರ ಕಾನೂನು ಹೇಳುತ್ತದೆ, ಆದರೆ ಅದು ದೇಶದೊಳಗೆ ನಡೆಯುವ ಕೆಲಸಕ್ಕೆ ಮಾತ್ರ ಅನ್ವಯಿಸುತ್ತದೆ. ಕೆಲಸ ಗಡಿ ದಾಟಿದೊಡನೆ ಆ ರಕ್ಷಣೆಯೂ ತಪ್ಪಿಹೋಗುತ್ತದೆ. ಹಾಗೆಂದು ಕೆಲಸ ಊರಿನಲ್ಲೇ ಉಳಿದ ಮಾತ್ರಕ್ಕೆ ಬದುಕು ಹಸನಾಗುವುದೂ ಇಲ್ಲ. ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮತ್ತು ಇತರ ಆರೋಗ್ಯ ವಿಮೆಯ ಕರೆಗಳಿಗೆ ಉತ್ತರಿಸುವ ಮಿಸಿಸಿಪಿಯ ಹ್ಯಾಟಿಸ್‌ಬರ್ಗ್ ಮತ್ತು ಲೂಯಿಸಿಯಾನದ ಬೊಗಲೂಸಾ ಕೇಂದ್ರಗಳ ಕೆಲಸಗಾರರು, ಸಂಬಳ ಸಾಲದೆಂದು 2022ರಲ್ಲಿ ಮುಷ್ಕರ ಹೂಡಬೇಕಾಯಿತು. ಆದ್ದರಿಂದ ಸ್ಥಳದ ಷರತ್ತಿನ ಜೊತೆಗೆ ವೇತನದ ಷರತ್ತನ್ನೂ ಟೆಂಡರಿನಲ್ಲೇ ಬರೆಯಬೇಕು.

ಬರೆಯುವಾಗ ಗಮನಿಸಬೇಕಾದದ್ದು ಮುಖ್ಯವಾಗಿ ಉಪಗುತ್ತಿಗೆ. ಮೂಲ ಗುತ್ತಿಗೆದಾರನಿಗೆ ಮಾತ್ರ ಷರತ್ತು ಹಾಕಿದರೆ, ರಾತ್ರಿ ಪಾಳಿಯ ಅಥವಾ ದಟ್ಟಣೆಯ ವೇಳೆಯ ಕರೆಗಳು ಮೂರನೆಯ ಕಂಪನಿಯ ಮೂಲಕ ಸದ್ದಿಲ್ಲದೆ ಹೊರದೇಶಕ್ಕೆ ಹೋಗುತ್ತವೆ. ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ ಕಚೇರಿಯ ವಿಳಾಸ ಏನನ್ನೂ ಹೇಳುವುದಿಲ್ಲ, ಉದ್ಯೋಗಿ ಕುಳಿತಿರುವ ಜಾಗವನ್ನೇ ನಮೂದಿಸಬೇಕಾಗುತ್ತದೆ. ಕರೆಗಳ ದಾಖಲೆಯನ್ನು ತಪಾಸಣೆ ಮಾಡುವ ಹಕ್ಕು ಇಲಾಖೆಗೆ ಇರಬೇಕು. ಇತ್ತೀಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ: ಕೆಲಸ ದೇಶದೊಳಗೇ ನಡೆಯಬೇಕು ಎಂಬ ಮಾತು, ಆ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವುದನ್ನು ತಡೆಯುವುದಿಲ್ಲ. ಅರಿಜೋನದ ರೂಬೆನ್ ಗಯೆಗೊ ಮತ್ತು ವೆಸ್ಟ್ ವರ್ಜೀನಿಯಾದ ಜಿಮ್ ಜಸ್ಟಿಸ್ 2025ರಲ್ಲಿ ಸೆನೆಟ್‌ನಲ್ಲಿ ಮಂಡಿಸಿದ ಮಸೂದೆ, ಕೇಂದ್ರದ ಗುತ್ತಿಗೆಯ ಕರೆ ಕೆಲಸ ಅಮೆರಿಕದಲ್ಲೇ ನಡೆಯಬೇಕೆನ್ನುವುದರ ಜೊತೆಗೆ, ಉತ್ತರಿಸುತ್ತಿರುವುದು ಯಂತ್ರವಾದರೆ ಅದನ್ನು ಗ್ರಾಹಕರಿಗೆ ತಿಳಿಸಬೇಕೆಂದೂ, ಕೇಳಿದರೆ ದೇಶದೊಳಗಿನ ಸಿಬ್ಬಂದಿಗೆ ಕರೆಯನ್ನು ವರ್ಗಾಯಿಸಬೇಕೆಂದೂ ಹೇಳುತ್ತದೆ. ಹೊಸದಾಗಿ ಇಂತಹ ಷರತ್ತು ಬರೆಯಹೊರಟ ಯಾವುದೇ ಇಲಾಖೆ ಈ ಎರಡು ಅಂಶಗಳನ್ನು ಗುತ್ತಿಗೆಯ ಕರಡಿನಲ್ಲೇ ಸೇರಿಸಿಕೊಳ್ಳಬಹುದು, ಅದಕ್ಕೆ ಸೆನೆಟ್‌ನ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.