ಇಷ್ಟೊಂದು ಹಿಟ್ ಹಾಡಿಗೆ ಡ್ರಮ್ಸ್ ನುಡಿಸಿದವರ ಹೆಸರು ಕವರ್ ಮೇಲೆ ಯಾಕಿಲ್ಲ?

ಓದುಗರೊಬ್ರು ಕೇಳಿದಾರೆ: "ಹಾಲ್ ಬ್ಲೇನ್ ಅನ್ನೋರು ಅಮೆರಿಕದ ಸುಮಾರು 40 ನಂಬರ್ ಒನ್ ಹಾಡಿಗೆ ಡ್ರಮ್ಸ್ ನುಡಿಸಿದ್ರಂತೆ. ಮತ್ತೆ ರೆಕಾರ್ಡ್ ಮೇಲೆ ಅವರ ಹೆಸರೇ ಇರ್ತಿರ್ಲಿಲ್ವಲ್ಲ, ಯಾಕೆ?"

ಯಾಕಂದ್ರೆ ಅವರು ಸೆಷನ್ ಡ್ರಮ್ಮರ್, ಅಂದ್ರೆ ಯಾವ ಬ್ಯಾಂಡಿಗೂ ಸೇರದೆ, ಕರೆದ ರೆಕಾರ್ಡಿಂಗ್‌ಗೆ ಹೋಗಿ ಕೂಲಿಗೆ ನುಡಿಸೋರು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಆಗ ಒಂದು ಸೆಷನ್ ಅಂದ್ರೆ ಮೂರು ಗಂಟೆ, ಯೂನಿಯನ್ ರೇಟು, ದುಡ್ಡು ಕೈಗೆ ಬಂತು ಮುಗೀತು, ಹಾಡು ಎಷ್ಟು ಲಕ್ಷ ಮಾರಾಟ ಆದ್ರೂ ಅದು ಬ್ಯಾಂಡಿನ ಹಾಡು. ಕಂಪನಿಗಳಿಗೂ ಅದೇ ಬೇಕಿತ್ತು, ಕವರ್ ಫೋಟೋದಲ್ಲಿರೋ ಹುಡುಗರೇ ನುಡಿಸಿದ್ದು ಅಂತ ಜನ ಅಂದ್ಕೋಬೇಕು. 1965ರ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ನೋಡಿ, ಬರ್ಡ್ಸ್ ಬ್ಯಾಂಡಿನವರಲ್ಲಿ ಅದಕ್ಕೆ ವಾದ್ಯ ನುಡಿಸಿದ್ದು ರೋಜರ್ ಮೆಗ್ವಿನ್ ಒಬ್ರೇ, ಡ್ರಮ್ಸ್ ಬ್ಲೇನ್ ಅವರದ್ದು. ಬೀಚ್ ಬಾಯ್ಸ್ ಬ್ಯಾಂಡಿನಲ್ಲೂ ಸ್ಟೇಜ್ ಮೇಲೆ ಡ್ರಮ್ಸ್‌ಗೆ ಡೆನಿಸ್ ವಿಲ್ಸನ್, ಸ್ಟುಡಿಯೋದಲ್ಲಿ ಎಷ್ಟೋ ಸಲ ಬ್ಲೇನ್. ನಮ್ಮ ಹಳೇ ಸಿನಿಮಾ ಕ್ಯಾಸೆಟ್‌ಗಳಲ್ಲೂ ಗಾಯಕರ ಹೆಸರಿರ್ತಿತ್ತು, ತಬಲಾದವರದ್ದು ಎಲ್ಲಿರ್ತಿತ್ತು ಹೇಳಿ.

ಆದ್ರೆ ಎಲ್ರೂ ಬ್ಲೇನ್ ಅವರನ್ನೇ ಯಾಕೆ ಕರೀತಿದ್ರು ಅನ್ನೋದು ನನಗೆ ಇನ್ನೂ ಇಷ್ಟವಾದ ಪ್ರಶ್ನೆ. 1929ರಲ್ಲಿ ಹುಟ್ಟಿದವರು, ಶಿಕಾಗೋದಲ್ಲಿ ಸರಿಯಾಗಿ ಕಲಿತವರು, ನೊಟೇಶನ್ ಮುಂದಿಟ್ರೆ ತಕ್ಷಣ ಓದಿ ನುಡಿಸೋರು, ಜೊತೆಗೆ ಕಿವಿ ತುಂಬಾ ಚುರುಕು. 1963ರಲ್ಲಿ 'ಬಿ ಮೈ ಬೇಬಿ' ಹಾಡಿನ ರೆಕಾರ್ಡಿಂಗ್ ಆಗ್ತಿದ್ದಾಗ, ನಾಲ್ಕು ಎಣಿಕೆಯ ತಾಳದಲ್ಲಿ ಎರಡನೇ ಎಣಿಕೆಗೆ ಬೀಳ್ಬೇಕಿದ್ದ ಸ್ನೇರ್ (ಛಟ್ ಅಂತ ಸದ್ದು ಮಾಡೋ ಚಪ್ಪಟೆ ಡ್ರಮ್) ಪೆಟ್ಟು ತಪ್ಪಿಹೋಯ್ತಂತೆ, ನಾಲ್ಕನೇದಕ್ಕೆ ಮಾತ್ರ ಬಿತ್ತು, ಅವರು ನಿಲ್ಲಿಸ್ಲಿಲ್ಲ, ಅದನ್ನೇ ಹಾಡಿನುದ್ದಕ್ಕೂ ಹಿಡ್ಕೊಂಡ್ರು ಅಂತ ಅವರೇ ಹೇಳ್ತಿದ್ರು. ಧಂ, ಧಧಂ, ಛಟ್! ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಆ ಶುರುವಿನ ನಾಲ್ಕೈದು ಸೆಕೆಂಡ್ ಕೇಳಿ, ಆಮೇಲೆ ಬಂದ ಎಷ್ಟೋ ಹಾಡುಗಳಲ್ಲಿ ಅದೇ ಪೆಟ್ಟು ಸಿಗುತ್ತೆ. ಸೈಮನ್ ಅಂಡ್ ಗಾರ್ಫಂಕೆಲ್ ಜೋಡಿಯ 'ದ ಬಾಕ್ಸರ್' ಹಾಡಿಗೆ ಅಂತೂ ಲಿಫ್ಟ್ ಪಕ್ಕದ ಹಾದಿಯಲ್ಲಿ ಡ್ರಮ್ ಇಟ್ಕೊಂಡು ಬಾರಿಸಿದ್ರು, ಆ ಗುಂಡು ಹಾರಿದಂಥ ಸದ್ದು ಅಲ್ಲಿಯ ಪ್ರತಿಧ್ವನಿಯಿಂದ ಬಂದದ್ದು.

1966ರಿಂದ 1971ರ ತನಕ ಸತತ ಆರು ವರ್ಷ 'ರೆಕಾರ್ಡ್ ಆಫ್ ದ ಇಯರ್' ಗ್ರ್ಯಾಮಿ ಗೆದ್ದ ಆರೂ ಹಾಡಲ್ಲಿ ಡ್ರಮ್ಸ್ ಇವರದ್ದೇ! ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಇವರನ್ನ ಸೇರಿಸ್ಕೊಂಡಿದ್ದು ಮಾತ್ರ 2000ದಲ್ಲಿ, ಪಕ್ಕವಾದ್ಯದವರಿಗೆ ಅಂತ ಹೊಸ ವಿಭಾಗ ಶುರು ಮಾಡಿದಾಗ. 2019ರಲ್ಲಿ, 90ನೇ ವಯಸ್ಸಲ್ಲಿ ತೀರ್ಕೊಂಡ್ರು.

ಹೆಸರು ಎಲ್ಲೂ ಇರ್ಲಿಲ್ಲ ಅಂತಲ್ಲ. ಅವರ ಹತ್ರ ಒಂದು ರಬ್ಬರ್ ಸ್ಟ್ಯಾಂಪ್ ಇತ್ತು, 'ಹಾಲ್ ಬ್ಲೇನ್ ಸ್ಟ್ರೈಕ್ಸ್ ಅಗೇನ್' ಅಂತ. ತಾವು ನುಡಿಸಿದ ಹಾಡಿನ ನೊಟೇಶನ್ ಹಾಳೆ ಮೇಲೆ ಅದನ್ನ ಒತ್ತಿ ಮುಂದಿನ ಸ್ಟುಡಿಯೋಗೆ ಹೊರಡ್ತಿದ್ರು.